ಉಪ್ಪಿನ ಹೆಪ್ಪು

ಅಣ್ಣ ತಮ್ಮ ಇಬ್ಬರೂ ಮಾತು ಬಿಟ್ಟಿದ್ದರೇ ಹೊರತು ಊಟ ಬಿಟ್ಟಿರಲಿಲ್ಲ. ಒಂದೇ ಮನೆ, ಒಂದೇ ಒಲೆ, ಒಂದೇ ಮೇಜು. ಅಣ್ಣ ಗೋಡೆಯ ಕಡೆ ಕೂರುತ್ತಿದ್ದ, ತಮ್ಮ ಕಿಟಕಿಯ ಕಡೆ, ನಡುವೆ ಅತ್ತಿಗೆ. ‘ನಾಳೆ ನಲ್ಲಿ ರಿಪೇರಿಯವನು ಬರ್ತಾನೆ, ಬೆಳಿಗ್ಗೆ ಮನೇಲಿರೋಕೆ ಹೇಳು’ ಎಂದು ಅಣ್ಣ ತಟ್ಟೆ ನೋಡುತ್ತ ಹೇಳಿದರೆ, ಮೊಳದೂರದಲ್ಲಿ ಕುಳಿತ ತಮ್ಮನಿಗೆ ಅದು ಕೇಳಿಸುತ್ತಿರಲಿಲ್ಲ. ಅದೇ ಮಾತನ್ನು ಅತ್ತಿಗೆ ಇನ್ನೊಮ್ಮೆ ಹೇಳಿದ ಮೇಲೆ ಕೇಳಿಸುತ್ತಿತ್ತು. ‘ಆಗಲಿ ಅನ್ನಿ ಅತ್ತಿಗೆ’ ಎನ್ನುತ್ತಿದ್ದ. ಅದು ಅಣ್ಣನ ಕಿವಿಗೆ ಬೀಳಬೇಕಾದರೆ ಮತ್ತೆ ಅತ್ತಿಗೆಯೇ ಬಾಯಿ ತೆರೆಯಬೇಕಾಗಿತ್ತು.

ವರ್ಷಗಟ್ಟಲೆ ಹೀಗೇ ನಡೆದಿತ್ತು. ಅತ್ತಿಗೆಯಾದರೂ ಬರೀ ಅಂಚೆ ಹಂಚುವವಳಲ್ಲ. ಒಣಮಾತಿಗೆ ತನ್ನ ಕಡೆಯಿಂದ ಒಂದಿಷ್ಟು ಒಗ್ಗರಣೆ ಹಾಕಿಯೇ ದಾಟಿಸುತ್ತಿದ್ದಳು. ಅಣ್ಣ ‘ಹೂಂ’ ಎಂದದ್ದು ತಮ್ಮನನ್ನು ಮುಟ್ಟುವ ಹೊತ್ತಿಗೆ ‘ನಿಮ್ಮಣ್ಣನಿಗೆ ತುಂಬ ಸಂತೋಷ ಆಯ್ತಂತೆ’ ಎಂದಾಗಿರುತ್ತಿತ್ತು. ಹೂಂ ಎಂದದ್ದನ್ನು ತಮ್ಮ ತನ್ನ ಕಿವಿಯಾರೆ ಕೇಳಿರುತ್ತಿದ್ದ. ಆದರೂ ಅವಳನ್ನು ಯಾರೂ ತಿದ್ದುತ್ತಿರಲಿಲ್ಲ.

ಇಬ್ಬರಿಗೂ ಬೀದಿಯ ಕೊನೆಯಲ್ಲಿದ್ದ ಬಣ್ಣದ ಕಾರ್ಖಾನೆಯಲ್ಲೇ ಕೆಲಸ. ನೂಲಿಗೂ ಬಟ್ಟೆಗೂ ಬಣ್ಣ ಹಾಕುವ ಕಾರ್ಖಾನೆ ಅದು. ಹಿಂದೆಲ್ಲ ಬಣ್ಣದ ನೀರನ್ನು ಹಿತ್ತಿಲ ಕಾಲುವೆಗೆ ಬಿಡುತ್ತಿದ್ದರು. ಈ ಸಲ ಜನ ಯಾವ ಬಣ್ಣ ಉಡುತ್ತಾರೆ ಎಂಬುದು ಅಂಗಡಿಯವರಿಗಿಂತ ಮೊದಲು ಕಾಲುವೆಯ ಪಕ್ಕದ ಮನೆಯವರಿಗೆ ತಿಳಿಯುತ್ತಿತ್ತು. ಆಮೇಲೆ ಕಾನೂನು ಬಂತು. ಒಂದು ಹನಿಯೂ ಹೊರಗೆ ಹೋಗಕೂಡದು ಎಂದಾಯಿತು. ಕಾಲುವೆಗೆ ಹೋಗುವ ಪೈಪಿನ ಬಾಯಿಗೆ ಕಾಂಕ್ರೀಟು ತುಂಬಿದರು. ಅಂದಿನಿಂದ ನೀರು ಕಾಂಪೌಂಡಿನ ಒಳಗೇ ಸುತ್ತುತ್ತಿತ್ತು. ಕೊಳೆಯನ್ನು ಕಳೆದು, ಸೋಸಿ, ಒಳ್ಳೆಯ ನೀರನ್ನು ಮತ್ತೆ ಬಣ್ಣದ ತೊಟ್ಟಿಗೆ ಕಳಿಸುತ್ತಿದ್ದರು. ಸೋಸಿದ ಮೇಲೆ ಉಳಿದ ಗಡಸು ಉಪ್ಪುನೀರನ್ನು ಕುದಿಸಿ ಕುದಿಸಿ ಇಂಗಿಸುತ್ತಿದ್ದರು. ಇಂಗಿ ಇಂಗಿ ಕೊನೆಗೆ ಉಳಿದದ್ದು ಬಂದು ಬೀಳುವುದು ಕ್ರಿಸ್ಟಲೈಸರಿಗೆ.

ಆ ಹೆಸರು ಬಾಯಲ್ಲಿ ತಿರುಗದ ಕೆಲಸಗಾರರು ಅದಕ್ಕೆ ಕೊಪ್ಪರಿಗೆ ಎಂದು ಹೆಸರಿಟ್ಟಿದ್ದರು. ಎರಡು ಮಹಡಿ ಎತ್ತರದ ಉಕ್ಕಿನ ಕೊಪ್ಪರಿಗೆ. ಹೊಟ್ಟೆಯ ಮೇಲೊಂದು ದುಂಡನೆಯ ಗಾಜಿನ ಕಿಂಡಿ. ಕೆಳಗಿನ ಪಂಪು ಉಪ್ಪುನೀರನ್ನು ಎಳೆದು, ಆವಿಯಿಂದ ಕಾದ ಕೊಳವೆಗಳ ಮೂಲಕ ಹಾಯಿಸಿ, ಮತ್ತೆ ಮೇಲಕ್ಕೆ ಎಸೆಯುತ್ತಿತ್ತು. ನೀರು ಆವಿಯಾಗಿ ಹೋಗುತ್ತಿತ್ತು, ಉಪ್ಪು ಹರಳಾಗಿ ಕೆಳಗಿಳಿಯುತ್ತಿತ್ತು. ಅದನ್ನು ಗಿರಗಿರನೆ ತಿರುಗುವ ಬುಟ್ಟಿಯಲ್ಲಿ ಹಿಂಡಿ ಮೂಟೆ ಕಟ್ಟಿ ಶೆಡ್ಡಿನಲ್ಲಿ ಒಟ್ಟುತ್ತಿದ್ದರು. ಬೂದು ಬಣ್ಣದ, ಬಾಯಿಗಿಡಲಾಗದ ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂದ ಗಾದೆಯವರು ಈ ಉಪ್ಪನ್ನು ನೋಡಿರಲಿಕ್ಕಿಲ್ಲ.

ಅಣ್ಣ ಕೊಪ್ಪರಿಗೆಯವನು, ತಮ್ಮ ಅದಕ್ಕೆ ಆವಿ ಕೊಡುವ ಬಾಯ್ಲರಿನವನು. ಇಬ್ಬರ ನಡುವೆ ಗೋಡೆ ದಾಟಿ ಹೋಗುವ ದಪ್ಪ ಪೈಪೊಂದಿತ್ತು. ಆವಿ ಹೆಚ್ಚು ಬೇಕಾದರೆ ಅಣ್ಣ ಸ್ಪ್ಯಾನರಿನಿಂದ ಅದಕ್ಕೆ ಎರಡು ಬಾರಿಸುತ್ತಿದ್ದ, ಸಾಕಾದರೆ ಒಂದು. ಮಾತಿನ ಸಂಬಂಧ ಇಲ್ಲದಿದ್ದರೂ ಆವಿಯ ಸಂಬಂಧ ಇತ್ತು.

ಮಾತು ನಿಂತದ್ದು ಕೊಪ್ಪರಿಗೆಗೆ ಮೊದಲ ಸಲ ಆವಿ ಬಿಟ್ಟ ವಾರದಲ್ಲಿ. ಆಗ ಅವರ ತಾಯಿ ಬದುಕಿದ್ದಳು, ಒಳಕೋಣೆಯಲ್ಲಿ ಮಲಗಿದ್ದಲ್ಲೇ ಇದ್ದಳು. ತಮ್ಮ ಕೆಲಸ ಮುಗಿಸಿ ಬಂದವನು ಬೂಟಿನ ಬೂದಿ ಉದುರಲೆಂದು ಮುಂಬಾಗಿಲ ಮೆಟ್ಟಿಲಿಗೆ ಎರಡು ಸಲ ಬಡಿಯುತ್ತಿದ್ದ. ಒಳಗಿಂದ ತಾಯಿ ‘ಬಂದ್ಯಾ?’ ಎನ್ನುತ್ತಿದ್ದಳು. ‘ಬಂದೆ’ ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ಅವನು ಮಣ್ಣಿನ ಕಾಲಲ್ಲಿ ಬರುತ್ತಿದ್ದಾಗಿನಿಂದ ಇದ್ದ ರೂಢಿ ಅದು. ಆ ದಿನ ಮಧ್ಯಾಹ್ನ ಅವಳಿಗೆ ಉಸಿರು ಕಷ್ಟವಾಯಿತು. ಕೊಪ್ಪರಿಗೆಯನ್ನು ತಂದು ಕೂರಿಸಿದವರೇ ಆ ವಾರ ಅದನ್ನು ನಡೆಸುತ್ತಿದ್ದರಿಂದ ಅಣ್ಣ ಮನೆಯಲ್ಲಿದ್ದ. ಕಾರ್ಖಾನೆ ಕೂಗಳತೆಯಲ್ಲಿತ್ತು. ಆದರೂ ತಮ್ಮನಿಗೆ ಹೇಳಿ ಕಳಿಸಲಿಲ್ಲ. ಸಂಜೆ ತಮ್ಮ ಬೀದಿಯ ತಿರುವಿಗೆ ಬಂದಾಗ ಬಾಗಿಲ ಮುಂದೆ ಒಂದು ರಾಶಿ ಚಪ್ಪಲಿ ಕಂಡಿತು. ಯಾರೂ ಹೇಳಬೇಕಾಗಲಿಲ್ಲ.

‘ಯಾಕೆ ಹೇಳಿ ಕಳಿಸ್ಲಿಲ್ಲ?’ ಎಂದು ಕೇಳಿದ್ದ.

‘ನೀನು ಬರೋ ಹಾಗಿರ್ಲಿಲ್ಲವಲ್ಲ’ ಎಂದಿದ್ದ ಅಣ್ಣ.

ಮಾತು ನಿಜವೇ. ಮೊದಲ ಸಲ ತುಂಬಿದ ಕೊಪ್ಪರಿಗೆ, ಆವಿ ನಿಂತರೆ ಉಪ್ಪು ಕಲ್ಲಾಗಿ ಪೈಪುಗಳೆಲ್ಲ ಕಟ್ಟಿಕೊಳ್ಳುತ್ತಿದ್ದವು. ಬಾಯ್ಲರಿನ ಮುಂದೆ ಬೇರೆ ಆಳೂ ಇರಲಿಲ್ಲ. ನಿಜವಾಗಿದ್ದರಿಂದಲೇ ಅದನ್ನು ಕ್ಷಮಿಸುವುದು ತಮ್ಮನಿಗೆ ಆಗಲಿಲ್ಲ. ಬರುವುದೋ ಬಿಡುವುದೋ ಎಂದು ತೀರ್ಮಾನಿಸಬೇಕಾದವನು ತಾನು, ಇವನು ಯಾರು? ಅವನು ಕೂಗಾಡಲಿಲ್ಲ. ಆ ದಿನದಿಂದ ಮಾತು ಬಿಟ್ಟ, ಅಷ್ಟೆ. ಬೂಟು ಬಡಿಯುವುದನ್ನೂ ಬಿಟ್ಟ. ಕೇಳುವವರಿಲ್ಲದ ಮೇಲೆ ಯಾರಿಗಾಗಿ ಬಡಿಯುವುದು? ಬೂದಿ ಮೆತ್ತಿದ ಬೂಟನ್ನು ಹಾಗೇ ಬಾಗಿಲ ಒಳಗೆ ಬಿಟ್ಟು ಮಹಡಿಯ ತನ್ನ ಕೋಣೆಗೆ ಹೋಗುತ್ತಿದ್ದ. ನೆಲ ಹಾಳಾಗುತ್ತದೆಂದು ಅತ್ತಿಗೆ ಗೊಣಗುತ್ತಿದ್ದಳು. ಮದುವೆಯಾದ ಮೇಲೆ ಹೆಂಡತಿ ಒರೆಸಲಿ ಎನ್ನುತ್ತಿದ್ದಳು. ಮದುವೆಯೂ ಆಗಲಿಲ್ಲ, ನೆಲ ಒರೆಸುವುದೂ ತಪ್ಪಲಿಲ್ಲ.

ಹೀಗಿರುವಾಗ ಅಣ್ಣನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಬಿತ್ತು, ಇನ್ನೊಂದು ಕಣ್ಣು ಸರದಿಗೆ ಕಾಯುತ್ತ ಮಂಜು ಮಂಜಾಗಿತ್ತು. ಆವಿ ತಾಗಬಾರದು, ದೂಳು ತಾಗಬಾರದು, ನೀರು ತಾಗಬಾರದು, ಬಗ್ಗಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಉಪ್ಪಿನ ಕೊಪ್ಪರಿಗೆಯ ಹತ್ತಿರ ಇರುವುದೇ ಇವು. ಅಣ್ಣ ಕಣ್ಣು ಗುಣವಾಗುವತನಕ ಮನೆಯಲ್ಲೇ ಉಳಿದ. ಆ ಜಾಗಕ್ಕೆ ಯಾರು ಎಂದು ಮ್ಯಾನೇಜರು ತಲೆ ಕೆರೆದುಕೊಳ್ಳುತ್ತಿದ್ದಾಗ ತಮ್ಮನೇ ಮುಂದೆ ಬಂದು ನಾನು ನೋಡಿಕೊಳ್ಳುತ್ತೇನೆ ಎಂದ. ಬಾಯ್ಲರಿಗೆ ಆಗಲೇ ಇನ್ನೊಬ್ಬ ಆಳು ಸೇರಿದ್ದ. ಆವಿ ಗೊತ್ತಿರುವವನಿಗೆ ಉಪ್ಪೇನು ಮಹಾ ಎಂದು ಮ್ಯಾನೇಜರೂ ಒಪ್ಪಿದರು.

ತಮ್ಮನ ಮನಸ್ಸಿನಲ್ಲಿ ಬೇರೆಯೇ ಲೆಕ್ಕವಿತ್ತು. ಅಣ್ಣ ಎದ್ದು ಬರುವತನಕ ಆ ಕೊಪ್ಪರಿಗೆಯನ್ನು ಒಂದು ಮಾತೂ ಕೇಳದೆ ನಡೆಸಿ ತೋರಿಸಬೇಕು. ನಿನ್ನನ್ನು ಕೇಳದೆಯೂ ಆಗುತ್ತದೆ ಎಂದು ಬಾಯಿ ಬಿಟ್ಟು ಹೇಳದೆ ಹೇಳಬೇಕು. ಮಾತು ಬಿಟ್ಟವರಿಗೆ ಇಂಥ ಉದ್ದುದ್ದ ವಾಕ್ಯಗಳು ಹೊಳೆಯುವುದು ಸಹಜ.

ಮೊದಮೊದಲು ಎಲ್ಲ ಸುಸೂತ್ರವಾಗಿತ್ತು. ಓಡುತ್ತಿದ್ದ ಕೊಪ್ಪರಿಗೆ ಓಡಿತು, ಉಪ್ಪು ಬಂತು. ಸಂಜೆ ಅವನ ಬೂಟಿನ ಹೊಲಿಗೆಯ ಸಂದಿನಲ್ಲಿ ಬೂದಿಯ ಬದಲು ಬಿಳಿ ಪುಡಿ ಕೂತಿರುತ್ತಿತ್ತು. ಅಷ್ಟರಲ್ಲಿ ಕೊಪ್ಪರಿಗೆ ತೊಳೆಯುವ ಸಮಯ ಬಂತು. ಅಲ್ಲಲ್ಲಿ ಉಪ್ಪು ಅಂಟಿಕೊಳ್ಳುವುದರಿಂದ ಆಗಾಗ ಅದನ್ನು ಖಾಲಿ ಮಾಡಿ ತೊಳೆಯಬೇಕು. ಈ ಕೆಲಸವನ್ನು ಅಣ್ಣ ಯಾರ ಕೈಗೂ ಬಿಟ್ಟಿರಲಿಲ್ಲ, ಒಬ್ಬನೇ ಮಾಡುತ್ತಿದ್ದ. ಹಿಂದಿನ ಸಂಜೆ ಊಟದ ಮೇಜಿನಲ್ಲಿ ಅತ್ತಿಗೆ, ‘ನಿಮ್ಮಣ್ಣ ಹೇಳಿದ್ರು, ತೊಳೆಯೋದಿದ್ರೆ ಮೂಲೇಲಿರೋ ಡ್ರಮ್ಮು...’ ಎಂದು ಶುರು ಮಾಡಿದಳು.

‘ತೊಳೆಯೋದು ನಂಗೆ ಬರುತ್ತೆ ಅನ್ನಿ ಅತ್ತಿಗೆ’ ಎಂದು ತಮ್ಮ ಅರ್ಧಕ್ಕೇ ತಡೆದ. ‘ಹುಟ್ಟಿದಾಗಿಂದ ಬಾಯ್ಲರ್ ತೊಳ್ದಿದೀನಿ.’

ಅತ್ತಿಗೆ ಇಬ್ಬರ ಮುಖವನ್ನೂ ನೋಡಿ, ಇದಕ್ಕೆ ಯಾವ ಒಗ್ಗರಣೆಯೂ ಹಿಡಿಯುವುದಿಲ್ಲ ಎಂದುಕೊಂಡು ಸುಮ್ಮನಾದಳು.

ಬಾಯ್ಲರಿನವನಿಗೆ ಚೊಕ್ಕಟವೇ ದೇವರು. ಬಾಯ್ಲರಿನ ಹೊಟ್ಟೆಯಲ್ಲಿ ಸುಣ್ಣದ ಒಂದು ಪದರ ಕೂತರೂ ಅದು ಅವನ ಮರ್ಯಾದೆಗೆ ಕೂತ ಪದರ. ತಮ್ಮ ಕೊಪ್ಪರಿಗೆಯನ್ನೂ ಹಾಗೇ ತೊಳೆದ. ಬಿಸಿನೀರು ಬಿಟ್ಟು, ಕುದಿಸಿ, ಮತ್ತೆ ಬಿಟ್ಟು, ಒಳಗಿದ್ದ ಉಪ್ಪಿನ ಕಣಕಣವನ್ನೂ ಕರಗಿಸಿ, ಆ ನೀರನ್ನೆಲ್ಲ ಸಂಗ್ರಹದ ಟ್ಯಾಂಕಿಗೆ ಹಿಂದಕ್ಕೆ ಕಳಿಸಿದ. ಹನಿಯೂ ಹೊರಗೆ ಹೋಗಲಿಲ್ಲ. ಕಿಂಡಿಯಲ್ಲಿ ಬ್ಯಾಟರಿ ಬಿಟ್ಟು ನೋಡಿದರೆ ಉಕ್ಕು ಕನ್ನಡಿಯ ಹಾಗೆ ಹೊಳೆಯಿತು. ಮೂಲೆಯ ಡ್ರಮ್ಮಿನ ತಳದಲ್ಲಿ ಒಂದಿಷ್ಟು ಬೂದು ಕೆಸರು ಕೂತಿತ್ತು. ಅದನ್ನೂ ಕರಗಿಸಿ ಕಳಿಸಿ, ಡ್ರಮ್ಮನ್ನು ಉಜ್ಜಿ ಬೋರಲು ಹಾಕಿದ. ಅಣ್ಣನ ಕಾಲದಲ್ಲಿ ಇಷ್ಟು ಸ್ವಚ್ಛ ಇದ್ದದ್ದುಂಟೇ ಎಂದು ಅವನ ಎದೆ ಉಬ್ಬಿತು. ಬುಟ್ಟಿ ತಿರುಗಿಸುವವನನ್ನು ಕರೆದು ತೋರಿಸಿದ. ಅವನೂ ಮುಖ ನೋಡಿಕೊಳ್ಳಬಹುದು ಎಂದು ಹೊಗಳಿದ.

ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಉಪ್ಪಿನ ಸ್ವಭಾವವೇನೆಂದರೆ, ಅದಕ್ಕೆ ಹರಳಾಗಲು ಇನ್ನೊಂದು ಹರಳು ಬೇಕು. ಹಾಲು ಮೊಸರಾಗಲು ಒಂದು ಚಮಚ ಹಳೆಯ ಮೊಸರು ಬೇಕಲ್ಲ, ಹಾಗೆ. ಅಣ್ಣ ಪ್ರತಿ ಸಲ ತೊಳೆಯುವ ಮುಂಚೆ ಒಂದಿಷ್ಟು ಹರಳಿನ ರಾಡಿಯನ್ನು ಮೂಲೆಯ ಡ್ರಮ್ಮಿಗೆ ತೆಗೆದಿಡುತ್ತಿದ್ದ, ಹೊಸದಾಗಿ ತುಂಬುವಾಗ ವಾಪಸು ಸುರಿಯುತ್ತಿದ್ದ. ಅದಕ್ಕೆ ಹೆಪ್ಪು ಎಂದು ಅವನದೇ ಹೆಸರು. ಈ ಸಲ ತೆಗೆದಿಟ್ಟಿರಲಿಲ್ಲ, ತಳದಲ್ಲಿದ್ದ ಹಳೆಯದೂ ಹೋಯಿತು. ನೀರು ಇಂಗಿತು, ಉಪ್ಪು ಕೂರಲು ಜಾಗ ಹುಡುಕಿತು. ನೀರಿನಲ್ಲಿ ಒಂದು ಹರಳೂ ಸಿಗದೆ, ಕಾದ ಕೊಳವೆಗಳ ಮೈಗೇ ಹೋಗಿ ಅಂಟಿಕೊಂಡಿತು. ಹೊಳೆಯುತ್ತಿದ್ದ ಉಕ್ಕಿನ ಮೇಲೆ ಕಲ್ಲಿನಂಥ ಪದರ ಬೆಳೆಯತೊಡಗಿತು. ಇದೊಂದೂ ತಮ್ಮನಿಗೆ ಗೊತ್ತಿರಲಿಲ್ಲ. ಅವನಿಗೆ ಕಂಡದ್ದು ಇಷ್ಟೇ: ಆವಿ ಕೊಟ್ಟಷ್ಟೂ ಕೊಪ್ಪರಿಗೆ ಕುದಿಯುವುದನ್ನು ಕಡಿಮೆ ಮಾಡುತ್ತಿತ್ತು, ಪಂಪು ಏದುಸಿರು ಬಿಡುತ್ತಿತ್ತು, ಬುಟ್ಟಿಯಲ್ಲಿ ಉಪ್ಪಿನ ಸುಳಿವೇ ಇರಲಿಲ್ಲ.

ಮತ್ತೆ ತೊಳೆದ. ಇನ್ನೂ ಚೆನ್ನಾಗಿ ತೊಳೆದ. ಮತ್ತೆ ಹಾಗೇ ಆಯಿತು. ಕೊಳೆ ಉಳಿದಿರಬೇಕೆಂದು ಮೂರನೆಯ ಸಲ ಇನ್ನೂ ಉಜ್ಜಿದ. ಬೆಂಕಿಗೆ ತುಪ್ಪ ಸುರಿದು ಯಾಕೆ ಆರುತ್ತಿಲ್ಲ ಎಂದು ಕಾಯುವವನ ಪಾಡಾಯಿತು.

ಈ ನಡುವೆ ಸಂಗ್ರಹದ ಟ್ಯಾಂಕು ತುಂಬುತ್ತಿತ್ತು. ಟ್ಯಾಂಕಿನ ಹೊರಮೈಗೆ ಅಳತೆಯ ಹಲಗೆ, ಅದರ ಮೇಲೆ ಮೇಲೇರುವ ಮುಳ್ಳು, ತುದಿಯ ಹತ್ತಿರ ಕೆಂಪು ಗೆರೆ. ಮುಳ್ಳು ಕೆಂಪು ಗೆರೆ ಮುಟ್ಟಿದರೆ ಬಣ್ಣದ ವಿಭಾಗ ನಿಲ್ಲಿಸಬೇಕು, ಏಕೆಂದರೆ ನೀರು ಹೋಗಲು ಬೇರೆ ದಾರಿಯೇ ಇರಲಿಲ್ಲ. ಅಣ್ಣನ ಕಾಲದಲ್ಲಿ ಅದು ಒಮ್ಮೆಯೂ ನಿಂತಿರಲಿಲ್ಲ. ಹಲಗೆ ಅಂಗಳದ ನಡುವೆ ಎಲ್ಲರಿಗೂ ಕಾಣುವಂತಿತ್ತು. ಬಣ್ಣದವರು ಊಟಕ್ಕೆ ಹೋಗುವಾಗ ಒಮ್ಮೆ ಮುಳ್ಳು ನೋಡಿ, ಒಮ್ಮೆ ತಮ್ಮನನ್ನು ನೋಡಿ ಹೋಗುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಮ್ಯಾನೇಜರು ಸೌಮ್ಯ ಮನುಷ್ಯ, ಚಿಂತೆಯಾದರೆ ಪೆನ್ನಿನ ಟೋಪಿ ಕಚ್ಚುವವರು. ಟೋಪಿ ಕಚ್ಚುತ್ತಲೇ ಬಂದು, ಅಣ್ಣನನ್ನು ಒಂದು ಗಳಿಗೆ ಕರೆಸಬಾರದೇ, ಕನಿಷ್ಠ ಕೇಳಿಕೊಂಡಾದರೂ ಬರಬಾರದೇ ಎಂದರು. ತಮ್ಮ ಆಗುವುದಿಲ್ಲ ಎಂದ. ಕೇಳಿದರೆ ಕೂರುವ ಮನುಷ್ಯನಲ್ಲ ಅವನು, ಎದ್ದು ಬಂದೇ ಬರುತ್ತಾನೆ, ಈ ಆವಿ ದೂಳಿನಲ್ಲಿ ಕಣ್ಣು ಕಳೆದುಕೊಳ್ಳುತ್ತಾನೆ ಎಂದ.

ಹಾಗೆ ಹೇಳಿದಾಗ ಅದು ಅರ್ಧ ನೆಪವಾಗಿತ್ತು. ಅವನನ್ನು ತಡೆಯುತ್ತಿದ್ದದ್ದು ಹಟ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಆದರೆ ಆ ಸಂಜೆ ಊಟಕ್ಕೆ ಕೂತಾಗ ಅಣ್ಣ ನೀರಿನ ಲೋಟಕ್ಕೆ ಕೈ ಚಾಚಿ, ಲೋಟದ ಪಕ್ಕದ ಗಾಳಿಯನ್ನು ಹಿಡಿದ. ಮತ್ತೆ ತಡಕಾಡಿದ. ತಮ್ಮ ಲೋಟವನ್ನು ಬೆರಳಿನಿಂದ ಮೆಲ್ಲಗೆ ಅವನ ಕೈಯ ದಾರಿಗೆ ತಳ್ಳಿದ. ಅಣ್ಣನಿಗೆ ಅದು ತಿಳಿಯಲಿಲ್ಲ, ಸಿಕ್ಕಿತೆಂದು ಕುಡಿದ. ಈ ಕಣ್ಣನ್ನು ಆ ಆವಿಗೆ ಒಡ್ಡುವುದು ಸಾಧ್ಯವಿಲ್ಲ ಎಂದು ತಮ್ಮನಿಗೆ ಖಚಿತವಾಯಿತು. ಕೊಪ್ಪರಿಗೆ ಹಾಳಾಗಿ ಹೋಗಲಿ, ಬಣ್ಣದ ವಿಭಾಗ ನಿಲ್ಲಲಿ, ತನ್ನ ಮುಖಕ್ಕೆ ಮಸಿ ಬೀಳಲಿ. ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಎಲ್ಲ ಹೇಗಿದೆಯಂತೆ ಎಂದು ಅಣ್ಣ ಅತ್ತಿಗೆಯ ಮೂಲಕ ಕೇಳಿದಾಗ, ಚೆನ್ನಾಗಿದೆ ಎಂದು ಅತ್ತಿಗೆಯ ಮೂಲಕವೇ ಸುಳ್ಳು ಹೇಳಿದ.

ಊಟ ಮುಗಿಸಿ ಮಹಡಿ ಹತ್ತುವಾಗ ಹಿಂದಿರುಗಿ ನೋಡಿದರೆ, ಅಣ್ಣ ಬಾಗಿಲ ಹತ್ತಿರ ಗೋಡೆ ಹಿಡಿದು ಕುಕ್ಕರುಗಾಲಲ್ಲಿ ಕೂತು, ಬೂಟುಗಳ ಮೇಲೆ ಕೈಯಾಡಿಸುತ್ತಿದ್ದ. ಬಗ್ಗಬೇಡ ಎಂದಿದ್ದಾರೆ, ತನ್ನ ಚಪ್ಪಲಿ ಹುಡುಕಲು ಹೆಂಡತಿಯನ್ನು ಕರೆಯಬಾರದೇ ಎಂದು ತಮ್ಮನಿಗೆ ಸಿಟ್ಟು ಬಂತು. ಸಿಟ್ಟನ್ನು ಹೇಳುವ ಹಾಗಿರಲಿಲ್ಲವಾದ್ದರಿಂದ ಬಾಗಿಲನ್ನು ಜೋರಾಗಿ ಹಾಕಿಕೊಂಡ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಳ್ಳು ಕೆಂಪು ಗೆರೆಯ ಬುಡಕ್ಕೆ ಬಂದಿತ್ತು. ತಮ್ಮ ಇನ್ನೊಮ್ಮೆ ತೊಳೆದು ಕೊಪ್ಪರಿಗೆ ತುಂಬಿ ಆವಿ ಕೊಟ್ಟಿದ್ದ. ಇದೇ ಕಡೆಯ ಪ್ರಯತ್ನ, ಆಗದಿದ್ದರೆ ಸಂಜೆ ಬಣ್ಣದ ವಿಭಾಗ ಬಂದ್ ಎಂದು ಮ್ಯಾನೇಜರು ಹೇಳಿಹೋಗಿದ್ದರು. ಅಷ್ಟರಲ್ಲಿ ಬುಟ್ಟಿಯವನು ಓಡಿಬಂದು ಅಂಗಳದ ಕಡೆ ಕೈ ತೋರಿಸಿದ.

ಅಂಗಳದ ಆಚೆ ತುದಿಯಲ್ಲಿ, ಉಪ್ಪಿನ ಶೆಡ್ಡಿಗೂ ಆವಿಗೂ ದೂರವಾಗಿ, ಅಣ್ಣ ನಿಂತಿದ್ದ. ಕಪ್ಪು ಕನ್ನಡಕ, ಅದರ ಹಿಂದೆ ಪಟ್ಟಿ, ತಲೆಗೆ ಅತ್ತಿಗೆಯ ಶಾಲು. ಅತ್ತಿಗೆ ಅವನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು, ಕರುವನ್ನು ಹಗ್ಗ ಹಿಡಿದು ನಿಲ್ಲಿಸಿದ ಹಾಗೆ. ಇಲ್ಲಿಂದಾಚೆಗೆ ಒಂದು ಹೆಜ್ಜೆ ಇಟ್ಟರೂ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂಬ ಕರಾರಿನ ಮೇಲೆ ಬಂದದ್ದಂತೆ.

ತಮ್ಮ ಕೈ ಒರೆಸಿಕೊಳ್ಳುತ್ತ ಹತ್ತಿರ ಹೋದ. ಅಣ್ಣ ಹೆಂಡತಿಯ ಕಡೆ ಮುಖ ಮಾಡಿ, ‘ಬೂಟಲ್ಲಿ ಉಪ್ಪೇ ಇಲ್ಲ ಯಾಕೆ ಅಂತ ಕೇಳು’ ಎಂದ.

‘ನಾನು ಕೇಳಲ್ಲ’ ಎಂದಳು ಅತ್ತಿಗೆ. ‘ಮನೇಲಾದ್ರೆ ಸರಿ. ಈ ಕೊಪ್ಪರಿಗೆ ಮಾತು ನಂಗೆ ತಿಳಿಯಲ್ಲ. ಒಂದು ಹೋಗಿ ಒಂದಾದ್ರೆ ನನ್ನ ತಲೆ ಮೇಲೆ ಬರುತ್ತೆ. ಬೇಕಾದ್ರೆ ನೀವೇ ಮಾತಾಡ್ಕೊಳ್ಳಿ, ಬೇಡ್ವಾ, ಮನೆಗೆ ಹೋಗೋಣ ನಡೀರಿ.’

ಇಷ್ಟು ವರ್ಷ ನಡೆಸಿಕೊಂಡು ಬಂದ ಅಂಚೆ ಕಚೇರಿಯನ್ನು ಅವಳು ನಡುಬೀದಿಯಲ್ಲಿ ಮುಚ್ಚಿಬಿಟ್ಟಳು. ತಮ್ಮ ಇರಬಹುದಾದ ಕಡೆಗೆ ಅಣ್ಣನೇ ತಿರುಗಿದ.

‘ಯಾಕೆ ಹೇಳಿ ಕಳಿಸ್ಲಿಲ್ಲ?’

‘ನೀನು ಬರೋ ಹಾಗಿರ್ಲಿಲ್ಲವಲ್ಲ’ ಎಂದ ತಮ್ಮ.

ಅಂದಮೇಲೆ ಅದು ಅವನ ಕಿವಿಗೇ ಬಿತ್ತು. ಎಂದೋ ಕೇಳಿದ ಮಾತು, ಅಕ್ಷರ ಬಿಡದೆ ಅದೇ ಮಾತು, ಈಗ ತನ್ನ ಬಾಯಿಂದ ಬಂದಿತ್ತು. ಇದರಲ್ಲಿ ದ್ವೇಷ ಎಲ್ಲಿತ್ತು, ಅಹಂಕಾರ ಎಲ್ಲಿತ್ತು ಎಂದು ತನ್ನೊಳಗೇ ಹುಡುಕಿದ. ಲೋಟಕ್ಕಾಗಿ ತಡಕಾಡಿದ ಒಂದು ಕೈ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಅಣ್ಣನಿಗೂ ಅದು ಕೇಳಿಸಿತ್ತು. ಅತ್ತಿಗೆಗೂ ಕೇಳಿಸಿತ್ತು, ಅವಳು ಟ್ಯಾಂಕಿನ ಹಲಗೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

‘ಹೆಪ್ಪು ಎಲ್ಲಿ?’ ಎಂದ ಅಣ್ಣ.

ಹೆಪ್ಪು ಎಂದರೇನು ಎಂದು ತಮ್ಮ ಕೇಳಬೇಕಾಯಿತು. ಅಣ್ಣ ಹೇಳಿದ. ಡ್ರಮ್ಮಿನ ವಿಷಯ ತಮ್ಮ ಹೇಳಿದ, ಉಜ್ಜಿ ಬೋರಲು ಹಾಕಿದ್ದನ್ನೂ ಬಿಡದೆ ಹೇಳಿದ. ಅಣ್ಣ ಬೈಯಲಿಲ್ಲ. ಬಾಯ್ಲರಿನವನಿಗೆ ಇನ್ನೇನು ಹೊಳೆಯಲು ಸಾಧ್ಯ, ಹೇಳಿಕೊಡದೆ ಬಚ್ಚಿಟ್ಟುಕೊಂಡವನು ನಾನು ಎಂಬರ್ಥದ್ದೇನೋ ಗೊಣಗಿದ. ಶೆಡ್ಡಿನ ಮೂಟೆಗಳಲ್ಲಿ ಇರುವುದೂ ಅದೇ ಉಪ್ಪು, ಕುಟ್ಟಿ ಜರಡಿ ಹಿಡಿದರೆ ಅದೇ ಹೆಪ್ಪು ಎಂದ. ಆದರೆ ಸುರಿಯುವ ಹೊತ್ತು ತಪ್ಪಬಾರದು. ಮೊದಲೇ ಸುರಿದರೆ ಕರಗಿಹೋಗುತ್ತದೆ, ತಡವಾದರೆ ಕೊಳವೆಗೆ ಅಂಟಿದ ಮೇಲಾಗುತ್ತದೆ. ಆ ಹೊತ್ತು ಯಾವುದು ಎಂದು ಹೇಳಲು ಬರುವುದಿಲ್ಲ, ಕಿಂಡಿಯಲ್ಲಿ ಕಂಡಾಗ ತಿಳಿಯುತ್ತದೆ, ಅಷ್ಟೆ. ಕಾಣುವ ಕಣ್ಣು ಇಲ್ಲಿ ಪಟ್ಟಿಯ ಹಿಂದಿತ್ತು, ಕಿಂಡಿ ಅಲ್ಲಿತ್ತು.

‘ನೀನು ನೋಡಿ ಹೇಳು’ ಎಂದ ಅಣ್ಣ. ‘ನಾನು ಇಲ್ಲಿಂದ ಕೇಳಿಸ್ಕೋತೀನಿ.’

ಉಪ್ಪು ಕುಟ್ಟಿದರು. ಬುಟ್ಟಿಯವನು ಜರಡಿ ಹಿಡಿದ. ನುಣ್ಣನೆಯ ಪುಡಿಯನ್ನು ಬಿಸಿ ಉಪ್ಪುನೀರಿನಲ್ಲಿ ಕಲಸಿ ಬಕೆಟ್ಟುಗಳಲ್ಲಿ ಮೇಲಕ್ಕೆ ಸಾಗಿಸಿದರು. ತಮ್ಮ ಏಣಿ ಹತ್ತಿ ಕಿಂಡಿಗೆ ಮುಖವಿಟ್ಟ. ಪಂಪಿನ ಗದ್ದಲದ ಮೇಲೆ ಅವನು ಕೂಗಿ ಹೇಳಬೇಕಿತ್ತು, ಅಣ್ಣ ಕೂಗಿ ಕೇಳಬೇಕಿತ್ತು. ಬಣ್ಣದ ವಿಭಾಗದವರು ಬಾಗಿಲಿಗೆ ಬಂದು ನಿಂತರು. ಈ ಇಬ್ಬರು ಮಾತಾಡುವುದನ್ನು ಅವರು ಕಂಡಿರಲಿಲ್ಲ, ಅದೂ ಊರಿಗೆಲ್ಲ ಕೇಳುವ ಹಾಗೆ.

ಇನ್ನೂ ತಿಳಿಯಾಗಿದೆ ಎಂದ ತಮ್ಮ. ಎಷ್ಟು ತಿಳಿ, ಆಚೆ ಗೋಡೆ ಕಾಣುತ್ತಾ ಎಂದು ಅಣ್ಣ ಕೇಳಿದ. ಕಾಣುತ್ತೆ. ಗುಳ್ಳೆ ದೊಡ್ಡದೋ ಸಣ್ಣದೋ? ದೊಡ್ಡದು. ಹಾಗಾದ್ರೆ ಕಾಯಿ. ತಮ್ಮ ಕಾದ. ಮಾತು ಬಿಟ್ಟ ಇಷ್ಟು ವರ್ಷಗಳಲ್ಲಿ ತಾನು ನೋಡಿದ ಯಾವುದನ್ನೂ ಈ ಮನುಷ್ಯನಿಗೆ ಹೇಳಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಈಗ ಗುಳ್ಳೆ ಗುಳ್ಳೆಯನ್ನೂ ಹೇಳುತ್ತಿದ್ದ. ಗುಳ್ಳೆ ಸಣ್ಣದಾಯಿತು. ನೀರು ಎಣ್ಣೆಯಂತೆ ಮಂದವಾಗಿ ಹೊರಳಿತು. ಆಚೆ ಗೋಡೆಯ ಅಂಚು ಮಸುಕಾಯಿತು.

‘ಏನೋ ಒಂದು ಮಿಂಚಿದ ಹಾಗಾಯ್ತು’ ಎಂದು ಕೂಗಿದ. ‘ಇದೆಯೋ ಇಲ್ವೋ ಗೊತ್ತಾಗ್ತಿಲ್ಲ.’

‘ಅದೇ’ ಎಂದ ಅಣ್ಣ. ‘ಸುರಿ.’

ಸುರಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಕಿಂಡಿಯೊಳಗೆ ಬೆಳಕು ಹರಿದ ಹಾಗೆ ಮೆಲ್ಲಗೆ ಬಿಳುಪು ಹಬ್ಬಿತು; ಹಬ್ಬಿ ಸುತ್ತಿತು, ಸುತ್ತಿ ದಟ್ಟವಾಯಿತು. ಪಂಪಿನ ಏದುಸಿರು ನಿಂತು ಹಳೆಯ ಗುನುಗು ಬಂತು. ಅದನ್ನು ಹೇಳಬೇಕಾಗಿರಲಿಲ್ಲ, ಅಂಗಳದಾಚೆ ಅಣ್ಣ ತಲೆಯಾಡಿಸುತ್ತಿದ್ದ. ಹೊತ್ತು ಇಳಿಯುವ ಮುಂಚೆ ಬುಟ್ಟಿಯಿಂದ ಮೊದಲ ಉಪ್ಪು ಬಿತ್ತು. ತಮ್ಮ ಒಂದು ಹಿಡಿ ತಂದು ಅಣ್ಣನ ಅಂಗೈಯಲ್ಲಿಟ್ಟ. ಅಣ್ಣ ಹೆಬ್ಬೆರಳಿನಿಂದ ಉಜ್ಜಿ ನೋಡಿ, ನನ್ನದಕ್ಕಿಂತ ದಪ್ಪ ಬಿದ್ದಿದೆ ಎಂದ. ಟ್ಯಾಂಕಿನ ಮುಳ್ಳು ಕೆಂಪು ಗೆರೆಯ ಕೆಳಗೆ ತಡೆದು ನಿಂತಿತ್ತು. ಮ್ಯಾನೇಜರು ಪೆನ್ನಿಗೆ ಟೋಪಿ ಹಾಕಿ ಜೇಬಿಗಿಟ್ಟುಕೊಂಡರು.

ಅತ್ತಿಗೆ ಗೇಟಿನ ಹತ್ತಿರ ಯಾರೊಂದಿಗೋ ಮಾತಿಗೆ ನಿಂತಳು. ಅಣ್ಣ ತಮ್ಮ ಬೆಂಚಿನ ಮೇಲೆ ಕೂತರು. ಏನಾದರೂ ಮಾತಾಡಬೇಕೆನಿಸಿತು. ಮೇಲೆ ಗುಳ್ಳೆಯ ಬಗ್ಗೆ ಅಷ್ಟು ಕೂಗಿದವರಿಗೆ ಇಲ್ಲಿ ಪಕ್ಕದಲ್ಲಿ ಕೂತು ಏನು ಹೇಳುವುದೆಂದು ತೋಚಲಿಲ್ಲ. ಕೊನೆಗೆ ತಮ್ಮ, ಇಷ್ಟು ವರ್ಷ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದ್ದನ್ನು ಕೇಳಿದ.

‘ಅಮ್ಮ ಆವತ್ತು ಏನಾದ್ರೂ ಕೇಳಿದ್ಲಾ?’

‘ಕೇಳಿದ್ಲು. ಅವನು ಬಂದ್ನಾ ಅಂತ.’

‘ನೀನೇನಂದೆ?’

‘ನಾನೇನನ್ಲಿ? ನಿನ್ನ ಹಳೇ ಬೂಟು ಅಟ್ಟದ ಮೇಲಿತ್ತು. ತಂದು ಮೆಟ್ಟಿಲಿಗೆ ಎರಡು ಸಲ ಬಡಿದೆ.’ ಅಣ್ಣ ಅಂಗೈಯ ಉಪ್ಪನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದ. ‘ಬಂದ್ಯಾ ಅಂದ್ಲು. ಬಂದೆ ಅಂದೆ. ನಿನ್ನ ದನಿ ನಂಗೆ ಸರಿಯಾಗಿ ಬರ್ಲಿಲ್ಲ. ಅವಳಿಗೆ ಅಷ್ಟೇ ಸಾಕಾಯ್ತು.’

ಇದನ್ನು ಅತ್ತಿಗೆಯ ಕೈಯಲ್ಲಿ ಹೇಳಿ ಕಳಿಸುವ ಹಾಗಿರಲಿಲ್ಲ. ನೇರ ಹೇಳೋಣವೆಂದರೆ ಕೇಳುವವನು ಮಾತು ಬಿಟ್ಟಿದ್ದ. ತಮ್ಮನಿಗೆ ಅಳು ಬಂತು. ತಡೆಯಲಿಲ್ಲ, ಹನಿಯೂ ಹೊರಗೆ ಹೋಗಕೂಡದ ಆ ಅಂಗಳದಲ್ಲೇ ಕೂತು ಅತ್ತ.

‘ನಾನು ಅಳೋ ಹಾಗಿಲ್ಲ’ ಎಂದ ಅಣ್ಣ. ‘ಕಣ್ಣಿಗೆ ನೀರು ತಾಗಬಾರ್ದಂತೆ.’

ಪಾಳಿ ಮುಗಿಸಿ ತಮ್ಮ ಮನೆಗೆ ಬಂದಾಗ ದೀಪ ಹಚ್ಚಿದ್ದರು. ಒಳಗೆ ತಟ್ಟೆಗಳ ಸದ್ದು ಕೇಳುತ್ತಿತ್ತು. ಬಾಗಿಲ ಮುಂದೆ ಬೂಟು ಕಳಚಿದ. ಹೊಲಿಗೆಯ ಸಂದಿಯಲ್ಲಿ, ಹಿಮ್ಮಡಿಯ ಅಂಚಿನಲ್ಲಿ ಬಿಳಿ ಉಪ್ಪು ಮೆತ್ತಿಕೊಂಡಿತ್ತು. ಸ್ವಲ್ಪ ಹೊತ್ತು ಬೂಟನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಆಮೇಲೆ ಬಗ್ಗಿ ಮೆಟ್ಟಿಲಿಗೆ ಎರಡು ಸಲ ಬಡಿದ.

ಒಳಗೆ ತಟ್ಟೆಗಳ ಸದ್ದು ನಿಂತಿತು. ಅಣ್ಣನ ಕುರ್ಚಿ ಸರಿದದ್ದು ಕೇಳಿಸಿತು.

‘ಬಂದ್ಯಾ?’

‘ಬಂದೆ’ ಎಂದು ತಮ್ಮ ಒಳಗೆ ಹೋದ.